ಗಾಳಿ ಬೀಸದ ಹನ್ನೊಂದು ದಿನ

೧
ಗಾಳಿಯಿಂದ ಶುರುಮಾಡೋಣವೆಂದರೆ ಗಾಳಿಯೇ ಇರಲಿಲ್ಲ. ಕಥೆಯ ಮೊದಲ ತೊಂದರೆ ಇದು. ಗುಡ್ಡದಿಂದ ಶುರುಮಾಡಲೇ? ಮೂವತ್ತೊಂದು ವರ್ಷದ ಹಿಂದೆ ಅಲ್ಲೊಂದು ಕಂಬ, ತುದಿಯಲ್ಲಿ ಗಾಳಿಗೆ ತಿರುಗುವ ಮೂರು ಬಟ್ಟಲು. ದಿನಾ ಬೆಳಿಗ್ಗೆ ದೊಡ್ಡಮ್ಮ ಗುಡ್ಡ ಹತ್ತಿ, ಮೀಟರ್ ನೋಡಿ, ಗಾಳಿಯ ವೇಗವನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಪೆನ್ಸಿಲ್ ಮೊಂಡಾದರೆ ಬಂಡೆಗೆ ತಿಕ್ಕಿ ಚೂಪು ಮಾಡಿಕೊಳ್ಳುತ್ತಿದ್ದ ಕಾಲ.

(ಇಲ್ಲಿ ಕಾಡುಹೂವಿನ ವಾಸನೆಯ ಬಗ್ಗೆ ಅರ್ಧ ಪುಟ ಇತ್ತು. ದೊಡ್ಡಮ್ಮ ಓದಿ, "ಯಾವ ಹೂವು? ಬರೀ ಕಲ್ಲುಗುಡ್ಡ ಅದು" ಎಂದರು. ಹೊಡೆದುಹಾಕಿದ್ದೇನೆ.)

೨
ದೊಡ್ಡಮ್ಮನ ತಂಗಿಯ ಮಗಳು ಈಗ ವಿದ್ಯುತ್ ಕಚೇರಿಯಲ್ಲಿ ಮುಂದಿನ ಮೂರು ತಿಂಗಳ ಗಾಳಿಯನ್ನು ಅಂದಾಜು ಮಾಡುವವಳು. ಈ ವರ್ಷ ಕಡಲ ನೀರು ಬಿಸಿಯಾಗಿರುವ ರೀತಿ ಥೇಟ್ ಆ ವರ್ಷದಂತೆಯೇ ಇದೆಯಂತೆ. ಆ ವರ್ಷದ ನೋಟ್‌ಬುಕ್ಕಿನಲ್ಲಿ ಸಾಲಾಗಿ ಹನ್ನೊಂದು ಸೊನ್ನೆ. ಅವು ನಿಜವಾದರೆ ಈ ಸಲವೂ ಗಾಳಿಯಂತ್ರಗಳು ನಿಂತಾವು. ಆಗ ಕರೆಂಟಿಗೆ ಬೇಕಾಗುವ ಅಣೆಕಟ್ಟಿನ ನೀರನ್ನು ಈಗಿನಿಂದಲೇ ಉಳಿಸಬೇಕು. ಉಳಿಸಿದರೆ ಈ ತಿಂಗಳು ದಿನಕ್ಕೆರಡು ಗಂಟೆ ಎಲ್ಲರಿಗೂ ಕರೆಂಟಿಲ್ಲ. ಸೊನ್ನೆ ಸುಳ್ಳಾದರೆ ಆ ಕಷ್ಟವೆಲ್ಲ ಸುಮ್ಮನೆ. ಉಳಿಸಬೇಕೋ ಬೇಡವೋ, ಸಂಜೆ ಐದರೊಳಗೆ ಅವಳು ಹೇಳಬೇಕು. ಅದಕ್ಕೇ ನೋಟ್‌ಬುಕ್ ಹಿಡಿದು ಬಂದಿದ್ದಾಳೆ.

೩
ದೊಡ್ಡಮ್ಮನಿಗೆ ಅವಸರವಿಲ್ಲ. ಪುಟ ತಿರುವುತ್ತಾರೆ. "ಇದು ನೋಡು, ಈ ದಿನ ನೋಟ್‌ಬುಕ್ಕೇ ಹಾರಿಹೋಗಿತ್ತು. ಹಿಂದೆ ಓಡಿ ಮೊಣಕಾಲು ತರಚಿಕೊಂಡಿದ್ದೆ."

"ದೊಡ್ಡಮ್ಮಾ, ನಿಜ ಹೇಳು. ಆ ಹನ್ನೊಂದು ದಿನ ಗುಡ್ಡ ಹತ್ತಿದ್ಯಾ?"

"ಗಾಳಿ ಬೀಸಲಿಲ್ಲ ಕಣೇ. ನಾನೇನು ಊದಬೇಕಿತ್ತಾ?"

"ಆಗಲೇ ನಂಗೆ ಟೈಫಾಯ್ಡ್ ಆಗಿತ್ತಂತೆ. ನೀನು ನನ್ನ ಹಾಸಿಗೆ ಬಿಟ್ಟು ಏಳಲೇ ಇಲ್ಲ ಅಂತಾಳೆ ಅಮ್ಮ."

"ನಿಮ್ಮಮ್ಮಂಗೆ ನಿನ್ನೆ ತಿಂದದ್ದು ನೆನಪಿರಲ್ಲ."

೪
(ನಾನು ಎರಡು ಮುಕ್ತಾಯ ಬರೆದಿಟ್ಟಿದ್ದೆ. ಒಂದರಲ್ಲಿ ದೊಡ್ಡಮ್ಮ ಅತ್ತು ಒಪ್ಪಿಕೊಳ್ಳುತ್ತಾರೆ. "ನಾನಾ? ಅಳೋದಾ? ಬೇರೆ ಯಾರನ್ನಾದ್ರೂ ನೋಡ್ಕೋ" ಎಂದು ನನಗೇ ಗದರಿದರು. ಇನ್ನೊಂದರಲ್ಲಿ ಡಾಕ್ಟರ ಹಳೇ ಚೀಟಿ ಸಿಕ್ಕು ಎಲ್ಲ ಬಗೆಹರಿಯುತ್ತದೆ. ಅಂಥ ಚೀಟಿ ಸಿಗುವುದು ಕಥೆಗಾರರಿಗೆ ಮಾತ್ರ.)

೫
ಆ ಪುಟ ಬಂತು. ದೊಡ್ಡಮ್ಮ ಕನ್ನಡಕ ತೆಗೆದರು.

"ನಾಲ್ಕು ದಿನ ಹತ್ತಿದ್ದೆ. ಬಟ್ಟಲು ಅಲ್ಲಾಡಲಿಲ್ಲ, ದೇವರಾಣೆ. ಆಮೇಲೆ ನಿನ್ನ ಮೈ ಕೆಂಡ ಆಯ್ತು. ಕಿಟಕಿ ಪಕ್ಕ ಕೂತೇ ಬರೆದೆ."

"ಕಿಟಕಿಯಿಂದ ಏನ್ ಕಾಣ್ತಿತ್ತು?"

"ನಾನೆಲ್ಲಿ ಕಿಟಕಿ ಕಡೆ ನೋಡ್ದೆ?"

ಅವಳು ಏಳು ಸೊನ್ನೆಗಳ ಮೇಲೆ ಮೆಲ್ಲಗೆ ಅಡ್ಡಗೆರೆ ಎಳೆದಳು. ಇಡೀ ನೋಟ್‌ಬುಕ್ಕಿನಲ್ಲಿ ಅದೊಂದೇ ಗೀಟು. ದೊಡ್ಡಮ್ಮ ಮುಖ ತಿರುಗಿಸಿಕೊಂಡರು.

೬
ನಾನು ಇನ್ನೂ ಯೋಚಿಸುತ್ತಿರುವಾಗಲೇ ಅವಳು ಅಣೆಕಟ್ಟಿನ ಇಂಜಿನಿಯರಿಗೆ ಫೋನ್ ಮಾಡಿಬಿಟ್ಟಳು. (ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ.)

"ನೀರು ಉಳಿಸಿ ಸರ್."

"ಎಷ್ಟು ಖಾತ್ರಿ ಮೇಡಂ?"

"ನಾಲ್ಕು ದಿನದಷ್ಟು."

ಆ ಕಡೆ ಇಂಜಿನಿಯರು ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಆಮೇಲೆ ಗಾಳಿ ಬಂತೇ ಎಂದು ನನ್ನನ್ನು ಕೇಳಬೇಡಿ. ಆ ಮೂರು ತಿಂಗಳು ನನಗೂ ಬಂದಿಲ್ಲ. ಒಂದು ಊಹೆಯನ್ನಾದರೂ ಬರೆಯೋಣವೆಂದು ಕೂತರೆ, ದೊಡ್ಡಮ್ಮ ನನ್ನ ಕೈ ಹಿಡಿದು, "ಅವಳು ಫೋನಲ್ಲಿದ್ದಾಳೆ. ಸ್ವಲ್ಪ ಸುಮ್ನಿರು" ಎನ್ನುತ್ತಿದ್ದಾರೆ.