ಗಂಟೆ ಮೇಜಿನ ಮೇಲಿದ್ದ ದಿನ

ನಾನು ಒಂದು ಗಂಟೆ. ಹಾಗೆಂದ ಕೂಡಲೇ ಗುಡಿಯ ಗಂಟೆಯನ್ನೋ ಶಾಲೆಯ ಗಂಟೆಯನ್ನೋ ನೆನೆಸಿಕೊಳ್ಳಬೇಡಿ. ನನಗೆ ನಾಲಿಗೆಯಿಲ್ಲ, ಹೊಳಪಿಲ್ಲ, ಗುಂಡನೆಯ ಮೈಯೂ ಇಲ್ಲ. ನಾನು ಮೊಳದುದ್ದದ ರೈಲು ಕಂಬಿಯ ತುಂಡು. ದೂರದ ಯಾವುದೋ ಕಾರ್ಖಾನೆಯಲ್ಲಿ ಕೆಂಡದಂತೆ ಕಾದು, ಉರುಳೆಗಳ ನಡುವೆ ಸಿಕ್ಕಿ ಉದ್ದವಾಗಿ, ತಣ್ಣಗಾಗುವ ಹೊತ್ತಿಗೆ ಎಲ್ಲರಂಥದೇ ಒಂದು ಕಂಬಿಯಾಗಿದ್ದೆ. ಅಲ್ಲಿಂದ ತಂದು ಹಿರೇಬೆಳವಲ ಎಂಬ ಊರಿನ ಅಂಚಿನ ಕಪ್ಪು ನೆಲದ ಮೇಲೆ ಮಲಗಿಸಿದರು. ಎಷ್ಟೋ ವರ್ಷ ಲೋಕವನ್ನು ಕೆಳಗಿನಿಂದಲೇ ಕಂಡೆ. ಚಕ್ರ, ಎಣ್ಣೆ, ಬಾಗಿಲಿನಿಂದ ತೂರಿದ ಶೇಂಗಾ ಸಿಪ್ಪೆ. ಮನುಷ್ಯರ ಬಗ್ಗೆ ಆಗ ನನಗಿದ್ದ ತಿಳಿವಳಿಕೆ ಅಷ್ಟೇ.

ಒಂದು ಬೇಸಿಗೆಯಲ್ಲಿ ನನ್ನ ಮೈಯಲ್ಲಿ ಬಿರುಕು ಕಂಡಿತು. ಹಳಿ ರಿಪೇರಿಯ ಗ್ಯಾಂಗಿನವರು ಕಿತ್ತು ಪಕ್ಕಕ್ಕೆ ಎಳೆದರು. ಬಿರುಕಿದ್ದ ಭಾಗ ಗುಜರಿಗೆ ಹೋಯಿತು. ಗಟ್ಟಿಯಾಗಿದ್ದ ಒಂದು ತುಂಡಿಗೆ ತೂತು ಕೊರೆದು, ದಪ್ಪ ತಂತಿ ಪೋಣಿಸಿ, ಸ್ಟೇಷನ್ನಿನ ಚಾವಣಿಯ ತೊಲೆಗೆ ತೂಗು ಹಾಕಿದರು. ಆ ತುಂಡೇ ನಾನು. ಉಳಿದ ನಾನು ಏನಾದೆನೋ ಗೊತ್ತಿಲ್ಲ. ಅದರ ಬಗ್ಗೆ ಅಂಥ ದುಃಖವೂ ಇಲ್ಲ.

ನನ್ನನ್ನು ಹೊಡೆಯುವ ಕೆಲಸ ಪಾಯಿಂಟ್ಸ್‌ಮನ್ ಫಕೀರಪ್ಪನದು. ಹಸಿರು ಬಾವುಟ ಹಿಡಿಯುವುದು, ಹಳಿ ಬದಲಿಸುವುದು ಎಲ್ಲ ಅವನ ನೌಕರಿಯೇ. ಆದರೆ ಅವನಿಗೆ ಹೆಮ್ಮೆ ಇದ್ದದ್ದು ನನ್ನ ಮೇಲೆ. ಪ್ಯಾಸೆಂಜರ್ ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿತು ಎಂದು ಫೋನು ಬಂದ ಕೂಡಲೇ ಕಬ್ಬಿಣದ ಸಲಾಕೆ ಎತ್ತಿಕೊಂಡು ಬಂದು, ನನ್ನ ಮೈಯನ್ನು ಒಮ್ಮೆ ಸವರಿ, ಬಾರಿಸುತ್ತಿದ್ದ. ಮದ್ದಳೆ ಬಾರಿಸುವವರ ಮನೆತನದವನಂತೆ. ನನ್ನ ದನಿ ಸ್ಟೇಷನ್ ಓಣಿ ದಾಟಿ, ಬಡಿಗೇರ ಓಣಿ ದಾಟಿ, ಕೆರೆಯ ಕಟ್ಟೆಯವರೆಗೂ ಹೋಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಪ್ಯಾಸೆಂಜರ್ ಗಾಡಿ ಹೇಳಿದ ಹೊತ್ತಿಗೆ ಬಂದ ಉದಾಹರಣೆ ಇಲ್ಲ. ಅದು ಬರುವುದು ತನ್ನ ಮರ್ಜಿಯಂತೆ. ಆದ್ದರಿಂದ ಹಿರೇಬೆಳವಲದ ಜನ ಗಾಡಿಗೆ ಹೋಗುವಾಗ ಗಡಿಯಾರ ನೋಡುವುದನ್ನು ಬಿಟ್ಟು ತಲೆಮಾರುಗಳೇ ಆಗಿದ್ದವು. ಹಾರ್ನು ಕೇಳಿ ಹೊರಡೋಣ ಎಂದರೆ ಅದಿರಿನ ಗೂಡ್ಸ್ ಗಾಡಿಗಳೂ ಅದೇ ಹಾರ್ನ್ ಹಾಕಿಕೊಂಡು ಹಗಲೆಲ್ಲ ಓಡಾಡುತ್ತವೆ. ಗೂಡ್ಸಿಗೆ ಫಕೀರಪ್ಪ ನನ್ನನ್ನು ಮುಟ್ಟುತ್ತಿರಲಿಲ್ಲ. ಹೀಗಾಗಿ ಊರಿನವರು ಗಂಟು ಮೂಟೆ ಕಟ್ಟಿ, ಚಹಾ ಕುಡಿದು, ಮನೆಯಲ್ಲಿಯೇ ಆರಾಮಾಗಿ ಕೂತಿರುತ್ತಿದ್ದರು. ನನ್ನ ದನಿ ಕೇಳಿದ ಮೇಲೆ ಚಪ್ಪಲಿ ಮೆಟ್ಟಿದರೂ ಸಾಕು, ಗಾಡಿ ಸಿಗುತ್ತಿತ್ತು. ಮೊದಲೇ ಬಂದು ಪ್ಲಾಟ್‌ಫಾರ್ಮಿನಲ್ಲಿ ಕಾಯುವವರನ್ನು ಪರವೂರಿನವರು ಎಂದು ದೂರದಿಂದಲೇ ಗುರುತಿಸುತ್ತಿದ್ದರು.

ಕಾಶವ್ವನೂ ಹಾಗೆಯೇ ಬರುತ್ತಿದ್ದಳು. ಸ್ಟೇಷನ್ ಓಣಿಯ ಕೊನೆಯ ಮನೆ ಅವಳದು. ತೊಪ್ಪಲು ಪಲ್ಯ ಮಾರುವವಳು. ಸಬ್ಬಸಿಗೆ, ಮೆಂತೆ, ರಾಜಗಿರಿ, ಪುಂಡಿ ತುಂಬಿದ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ತಲೆಯ ಮೇಲಿಟ್ಟುಕೊಂಡು, ನನ್ನ ಕೆಳಗೆ ಹಾದು ಹೋಗುತ್ತಿದ್ದಳು. ಬುಟ್ಟಿಯಿಂದ ತೊಟ್ಟಿಕ್ಕುವ ನೀರು ನೆಲದ ಮೇಲೆ ಗೆರೆ ಎಳೆಯುತ್ತಿತ್ತು. ಗಾಡಿಯಲ್ಲಿ ಶಹರಕ್ಕೆ ಹೋಗಿ, ಅಲ್ಲಿನ ಹಳೇ ತರಕಾರಿ ಪೇಟೆಯ ಗೋಡೆಯ ಬುಡದಲ್ಲಿ ತನ್ನ ಜಾಗದಲ್ಲಿ ಕೂತು, ಬುಟ್ಟಿ ಖಾಲಿ ಮಾಡಿ ಬರುವಳು. ಆ ಜಾಗ ಯಾರೂ ಬರೆದುಕೊಟ್ಟದ್ದಲ್ಲ. ಮದುವೆಯಾದ ವರ್ಷದಿಂದ ಕೂತು ಕೂತು ಅವಳದಾಗಿತ್ತು. ಶಹರದ ಹೆಂಗಸರು ಬೇರೆ ಯಾರ ಸಬ್ಬಸಿಗೆಯನ್ನೂ ಮುಟ್ಟದೆ ಅವಳ ದಾರಿ ಕಾಯುತ್ತಾರೆ ಎಂದು ಅವಳು ಫಕೀರಪ್ಪನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಊರಿನಲ್ಲಿ ಅವಳು ಅಂಥವರ ಸೊಸೆ, ಇಂಥವರ ತಾಯಿ. ಆ ಗೋಡೆಯ ಬುಡದಲ್ಲಿ ಮಾತ್ರ ಬರೀ ಕಾಶವ್ವ.

ಆಮೇಲೆ ಜೋಡಿ ಹಳಿ ಹಾಕುವ ಕೆಲಸ ಶುರುವಾಯಿತು. ಪ್ಯಾಸೆಂಜರ್ ಗಾಡಿಯನ್ನು ಸ್ವಲ್ಪ ದಿನದ ಮಟ್ಟಿಗೆ ನಿಲ್ಲಿಸಿದ್ದೇವೆ ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಜೋಡಿ ಹಳಿ ಬಂತು, ಅದಿರಿನ ಗಾಡಿಗಳು ಎರಡರಷ್ಟಾದವು, ನಮ್ಮ ಗಾಡಿ ಮಾತ್ರ ಬರಲಿಲ್ಲ. ಫಕೀರಪ್ಪ ನಿವೃತ್ತನಾದ. ನನ್ನ ಮೇಲೆ ಗುಬ್ಬಿಗಳು ಕೂರತೊಡಗಿದವು. ಕಾಶವ್ವ ಬಸ್ಸಿಗೆ ಹೋಗಿ ನೋಡಿದಳು. ನೀರು ತೊಟ್ಟಿಕ್ಕುವ ಬುಟ್ಟಿಯನ್ನು ಕಂಡಕ್ಟರು ಒಳಗೆ ಬಿಡಲಿಲ್ಲ, ಮೇಲೆ ಹಾಕಿದರೆ ಬಿಸಿಲಿಗೆ ಸೊಪ್ಪೆಲ್ಲ ಬಾಡಿ ಬತ್ತಿಯಾಯಿತು. ಊರಿನಲ್ಲೇ ಮಾರೋಣವೆಂದರೆ ಇಲ್ಲಿ ಪ್ರತಿ ಹಿತ್ತಿಲಲ್ಲೂ ಸಬ್ಬಸಿಗೆ ಇದೆ. ಅವಳು ವಾರಕ್ಕೊಮ್ಮೆಯಾದರೂ ಸ್ಟೇಷನ್ನಿಗೆ ಬಂದು, ಗಾಡಿಯ ಸುದ್ದಿ ಏನಾದರೂ ಇದೆಯೇ ಎಂದು ಮಾಸ್ತರನ್ನು ಕೇಳಿ ಹೋಗುತ್ತಿದ್ದಳು.

ಊರಿನಲ್ಲಿ ಎರಡು ಪಂಗಡವಾದದ್ದು ಆಗಲೇ. ಪುರಸಭೆಯ ಅಧ್ಯಕ್ಷ ಮಲ್ಲೇಶಪ್ಪನವರಿಗೆ ಸ್ಟೇಷನ್ನಿನ ಬಯಲು ಬೇಕಾಗಿತ್ತು. ಜಾಲಿ ಬೆಳೆದು ಹಂದಿ ಮಲಗುವ ಆ ಜಾಗದಲ್ಲಿ ಮಾರುಕಟ್ಟೆ ಕಟ್ಟಿಸಿ, ಅಗಲ ರಸ್ತೆ ಮಾಡಿ, ಊರಿಗೆ ಒಂದು ಮುಖ ತರಬೇಕು ಎನ್ನುವುದು ಅವರ ಹಟ. ವಕೀಲ ಇನಾಮದಾರರು ರೈಲ್ವೆ ಹೋರಾಟ ಸಮಿತಿ ಕಟ್ಟಿ, ಗಾಡಿ ಬರಲೇಬೇಕು, ಬಯಲು ಪ್ರಯಾಣಿಕರಿಗೇ ಉಳಿಯಬೇಕು ಎಂದು ಧರಣಿ ಕೂತರು. ಮಲ್ಲೇಶಪ್ಪ ಕೆಟ್ಟವರೆಂದು ಸಮಿತಿಯವರು ಹೇಳುತ್ತಿದ್ದರು. ನನಗೆ ಹಾಗೆ ಕಾಣಲಿಲ್ಲ. ಸಂತೆಯ ದಿನ ಹೆಂಗಸರು ಚರಂಡಿಯ ಪಕ್ಕ ಕೂತು ಮಾರುವುದನ್ನು ನೋಡಲಾಗುವುದಿಲ್ಲ ಎಂದು ಅವರು ಸ್ಟೇಷನ್ ಮಾಸ್ತರರ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಕೊನೆಗೆ ರೈಲ್ವೆಯವರು ಒಂದು ದಾರಿ ಹುಡುಕಿದರು. ಒಂದು ದಿನ ಮುಂಜಾನೆ ಗಾಡಿ ಓಡಿಸುತ್ತೇವೆ, ರೈಲ್ವೆ ಸಾಹೇಬರೊಬ್ಬರು ಅದರಲ್ಲೇ ಬಂದು ಎಷ್ಟು ಜನ ಹತ್ತುತ್ತಾರೆಂದು ನೋಡುತ್ತಾರೆ. ಜನ ಇದ್ದರೆ ಗಾಡಿ, ಇಲ್ಲದಿದ್ದರೆ ಬಯಲು ಪುರಸಭೆಗೆ. ಅದರ ಹಿಂದಿನ ದಿನ ಪುರಸಭೆಯ ಸಭಾಭವನದಲ್ಲಿ ಸಾರ್ವಜನಿಕರ ಸಭೆ ಎಂದೂ ಗೊತ್ತಾಯಿತು.

ಇನಾಮದಾರ ವಕೀಲರಿಗೆ ಆಗ ನನ್ನ ನೆನಪಾಯಿತು. ಊರಿನ ಇತಿಹಾಸವನ್ನು ಸಭೆಯವರ ಕಣ್ಣ ಮುಂದೆ ಇಟ್ಟರೆ ಮಲ್ಲೇಶಪ್ಪನ ಬಾಯಿ ಮುಚ್ಚುತ್ತದೆ ಎಂದರು. ಫಕೀರಪ್ಪನೇ ಏಣಿ ಹತ್ತಿ ನನ್ನನ್ನು ಇಳಿಸಿದ. ಹುಣಸೆಹಣ್ಣು ಹಚ್ಚಿ ತಿಕ್ಕಿದ. ಗಾಡಿ ಬರುವ ದಿನ ನನ್ನನ್ನು ಬಾರಿಸುವವನೂ ಅವನೇ ಎಂದಾಯಿತು. ಅಷ್ಟು ವರ್ಷದ ಮೇಲೆ ಅವನ ಕೈ ಮೈಗೆ ತಾಗಿದ್ದು ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡಲಾರೆ.

ಸಭೆಯಲ್ಲಿ ನನ್ನನ್ನು ಮೇಜಿನ ಮೇಲೆ ಕೆಂಪು ಬಟ್ಟೆಯ ಮೇಲಿಟ್ಟು ಸೇವಂತಿಗೆ ಹಾರ ಹಾಕಿದರು. ಫಕೀರಪ್ಪನಿಗೆ ಶಾಲು ಹೊದಿಸಿದರು. ವಕೀಲರು ನನ್ನ ಕಡೆ ಕೈ ತೋರಿಸಿ ಮಾತಾಡಿದರು. ಮಲ್ಲೇಶಪ್ಪ ಎದ್ದು, ತಾನೂ ಈ ಗಂಟೆಯ ದನಿ ಕೇಳಿಯೇ ಬೆಳೆದವನು, ಆದರೆ ಗಂಟೆ ಬಾರಿಸಿದರೆ ಊರು ಉದ್ಧಾರವಾಗುವುದಿಲ್ಲ, ದಿನಕ್ಕೆ ಹತ್ತಾರು ಬಸ್ಸು ಇರುವಾಗ ತಡವಾಗಿ ಬರುವ ಗಾಡಿಗೆ ಯಾರು ಕಾಯುತ್ತಾರೆ ಎಂದರು. ಅವರ ಮಾತಿಗೂ ಚಪ್ಪಾಳೆ ಬಿತ್ತು. ಇವರ ಮಾತಿಗೂ ಬಿತ್ತು. ಹೆಚ್ಚುಕಡಿಮೆ ಅದೇ ಕೈಗಳು. ಕಾಶವ್ವ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ನಾಳೆಯ ಬುಟ್ಟಿಗೆ ಸೊಪ್ಪು ಕೀಳಬೇಕೆಂದು ಅರ್ಧಕ್ಕೇ ಹೋದಳು.

ಸಭೆ ಮುಗಿದು ಜನ ವಾದ ಮಾಡುತ್ತಲೇ ಹೊರಗೆ ಹೋದರು. ಸಿಪಾಯಿ ಬಂದು ದೀಪ ಆರಿಸಿ, ಬೀಗ ಹಾಕಿಕೊಂಡು, ತಂಗಿಯ ನಿಶ್ಚಯಕ್ಕೆಂದು ತನ್ನೂರಿಗೆ ಹೊರಟುಹೋದ. ನಾನು ಹಾರದ ಸಮೇತ ಮೇಜಿನ ಮೇಲೆಯೇ ಉಳಿದೆ. ಫಕೀರಪ್ಪ ವಕೀಲರು ಒಯ್ಯುತ್ತಾರೆ ಅಂದುಕೊಂಡಿದ್ದ. ವಕೀಲರು ಫಕೀರಪ್ಪ ಒಯ್ದ ಅಂದುಕೊಂಡಿದ್ದರು.

ಮರುದಿನ ಮುಂಜಾನೆ ಫಕೀರಪ್ಪ ಸಭಾಭವನದ ಬಾಗಿಲು ಬಡಿದದ್ದು ನನಗೆ ಕೇಳಿಸಿತು. ಸ್ವಲ್ಪ ಹೊತ್ತು ಬಡಿದು, ಯಾರನ್ನೋ ಬೈದು, ಓಡಿದ. ಮುಂದಿನದನ್ನು ಆಮೇಲೆ ಅವರಿವರ ಬಾಯಿಂದ ಕೇಳಿ ತಿಳಿದೆ. ಗಾಡಿ ಹಿಂದಿನ ಸ್ಟೇಷನ್ ಬಿಟ್ಟ ಫೋನು ಬಂದಾಗ ಅವನು ಸಿಕ್ಕ ಗುದ್ದಲಿಯನ್ನೇ ತೆಗೆದುಕೊಂಡು ಕಂಬಕ್ಕೆ ಬಡಿದನಂತೆ. ಜನ ಅದನ್ನು ಪಂಕ್ಚರ್ ಅಂಗಡಿಯವನು ಚಕ್ರ ಬಡಿಯುವ ಸದ್ದೆಂದು ತಿಳಿದರು. ಹಾರ್ನು ಕೇಳಿಸಿತು. ಗೂಡ್ಸು ಅಂದುಕೊಂಡರು. ಸಾಹೇಬರು ಕೂತ ಗಾಡಿಯಾದ್ದರಿಂದ ಅದು ತನ್ನ ಜನ್ಮದಲ್ಲಿ ಮೊದಲ ಸಲ ಹೇಳಿದ ಹೊತ್ತಿಗೆ ಬಂದಿತ್ತು. ಅದನ್ನು ಯಾರು ನಂಬಿಯಾರು? ಬಡಿಗೇರ ಓಣಿಯವರು, ಕೆರೆ ಕಟ್ಟೆಯವರು, ಹೊಸ ಬಟ್ಟೆ ಉಟ್ಟು ಶಹರ ನೋಡಲು ಹೊರಟ ಮುದುಕರು, ಎಲ್ಲರೂ ತಯಾರಾಗಿ ತಂತಮ್ಮ ಕಟ್ಟೆಯ ಮೇಲೆ ಕೂತು ನನ್ನ ದನಿಗೆ ಕಿವಿಗೊಟ್ಟಿದ್ದರು. ಫಕೀರಪ್ಪ ಓಣಿಗೆ ಓಡಿ ಕೂಗುವಷ್ಟರಲ್ಲಿ ಗಾಡಿ ಕದಲಿತ್ತು. ಹತ್ತಿದವರು ಬೇರೆ ಊರಿಂದ ಬಂದಿದ್ದ ಗಂಡ ಹೆಂಡತಿ ಇಬ್ಬರೇ.

ಸಾಹೇಬರು ಮಧ್ಯಾಹ್ನ ಜೀಪಿನಲ್ಲಿ ಹಿಂದಕ್ಕೆ ಬಂದು ಅದೇ ಸಭಾಭವನದಲ್ಲಿ ಕೂತರು. ಸಿಪಾಯಿ ಆ ಹೊತ್ತಿಗೆ ಬಂದು ಬೀಗ ತೆಗೆದಿದ್ದ. ಈ ಊರಿಗೆ ಗಾಡಿ ಬೇಕಿಲ್ಲವೆಂದು ಕಣ್ಣಾರೆ ನೋಡಿದ್ದಾಗಿ ಸಾಹೇಬರು ಹೇಳಿದರು. ಕಾಶವ್ವ ಬುಟ್ಟಿಯ ಸಮೇತ ಒಳಗೆ ಬಂದು ಮುಂದೆ ನಿಂತಳು.

"ನಾವು ಮನ್ಯಾಗ ತಯಾರಾಗಿ ಕುಂತಿದ್ವಿರಿ ಸಾಹೇಬ್ರ," ಎಂದಳು. "ಗಂಟಿ ಹೊಡೀಲಿಲ್ಲ. ಗಂಟಿ ಹೊಡೀದ ನಾವು ಎಂದರ ಬಂದೀವೇನ್ರಿ?"

ಸಾಹೇಬರಿಗೆ ಅರ್ಥವಾಗಲಿಲ್ಲ. ಗಾಡಿ ಎಷ್ಟು ಹೊತ್ತಿಗೆ ಎಂದು ಪೇಪರಿನಲ್ಲಿ ಬಂದಿತ್ತಲ್ಲ, ಡಂಗುರ ಹೊಡೆಸಿದ್ದೆವಲ್ಲ ಎಂದು ಕೇಳಿದರು. ಹೊತ್ತು ಗೊತ್ತಿತ್ತು, ಆ ಹೊತ್ತಿಗೆ ಅದು ಬರುತ್ತದೆಂದು ಗೊತ್ತಿರಲಿಲ್ಲ ಎಂದಳು ಅವಳು. ಯಾರೋ ನಕ್ಕರು. ಅವಳು ನಗಲಿಲ್ಲ. ಇನ್ನೊಂದು ದಿನ ಗಾಡಿ ಓಡಿಸಿ ನೋಡಿ, ಊರಿಗೆ ಊರೇ ಬಾರದಿದ್ದರೆ ಕೇಳಿ ಎಂದು ಬೇಡಿಕೊಂಡಳು. ಆಗಲಿ, ಮೇಲಿನವರಿಗೆ ತಿಳಿಸುತ್ತೇನೆ ಎಂದು ಸಾಹೇಬರು ಎದ್ದರು. ಆ ಮಾತಿನ ಅರ್ಥ ಮೇಜಿನ ಮೇಲಿದ್ದ ನನಗೂ ತಿಳಿಯಿತು.

ಅವಳು ನನ್ನತ್ತ ಕೈ ಮಾಡಿ ವಕೀಲರ ಕಡೆ ತಿರುಗಿದಳು. "ವಕೀಲಸಾಬ್ರ, ಇದನ್ನ ಇಲ್ಲಿ ತಂದು ಇಡೂದು ಏನಿತ್ರಿ?"

ಇನಾಮದಾರರು ಎಷ್ಟೋ ಕೋರ್ಟುಗಳಲ್ಲಿ ಮಾತಾಡಿದವರು. ಈಗ ಅವರು ತಮ್ಮ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದರು. ಫಕೀರಪ್ಪ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಹೊರಗೆ ನಡೆದ. ನನ್ನ ಹಾರದ ಹೂವು ಅಷ್ಟರಲ್ಲೇ ಕಂದಿತ್ತು. ನಾಚಿಕೆ ಎನ್ನುವುದು ಕಬ್ಬಿಣಕ್ಕೂ ಆಗುತ್ತದೆ ಎಂದು ನನಗೆ ತಿಳಿದದ್ದು ಆ ಮಧ್ಯಾಹ್ನ.

ಬಯಲಿನಲ್ಲಿ ಮಾರುಕಟ್ಟೆ ಎದ್ದಿತು. ಚೆನ್ನಾಗಿಯೇ ಕಟ್ಟಿದ್ದಾರೆ. ನೆರಳಿದೆ, ನಲ್ಲಿಯಿದೆ, ಚರಂಡಿಗೆ ಮುಚ್ಚಳವಿದೆ. ಮಲ್ಲೇಶಪ್ಪ ಮಾತು ಉಳಿಸಿಕೊಂಡರು. ಕಾಶವ್ವನಿಗೆ ನೆಲಮಹಡಿಯಲ್ಲೇ, ಮೆಟ್ಟಿಲ ಎದುರಿಗೆ, ಒಂದು ಕಟ್ಟೆ ಕೊಡಿಸಿದರು. ನನ್ನನ್ನು ಮೆಟ್ಟಿಲ ಪಕ್ಕದ ಗೋಡೆಗೆ ಕೊಕ್ಕೆ ಬಡಿದು ತೂಗಿಸಿ, ಮುಟ್ಟಬಾರದೆಂದು ಫಲಕ ಹಾಕಿಸಿದ್ದೂ ಅವರೇ. ಹೀಗೆ ನಾವಿಬ್ಬರೂ ದಿನವಿಡೀ ಎದುರುಬದುರು. ಅವಳು ಸೊಪ್ಪಿನ ಜೊತೆ ಈಗ ಟೊಮ್ಯಾಟೊ, ಉಳ್ಳಾಗಡ್ಡಿಯನ್ನೂ ಇಟ್ಟಿದ್ದಾಳೆ. ಹೊಟ್ಟೆಗೆ ತೊಂದರೆಯಿಲ್ಲ. ಆದರೆ ಇಲ್ಲಿ ಯಾರೂ ಅವಳ ದಾರಿ ಕಾಯುವುದಿಲ್ಲ. ಕೊಂಡವರು ಕೊಂಡು ಮುಂದಕ್ಕೆ ಹೋಗುತ್ತಾರೆ.

ನನಗೆ ವಯಸ್ಸಾಗಿದೆ. ಪ್ರತಿ ವರ್ಷ ಬಳಿಯುವ ಬೆಳ್ಳಿ ಬಣ್ಣದ ಕೆಳಗೆ ತುಕ್ಕು ತನ್ನ ಪಾಡಿಗೆ ಕೆಲಸ ಮಾಡುತ್ತಿದೆ. ಹಿಂದೆ ಹಳಿಯಾಗಿದ್ದಾಗ ಭಾರ ಹೊತ್ತೆ, ಗಂಟೆಯಾಗಿದ್ದಾಗ ಏಟು ತಿಂದೆ. ಎರಡರಲ್ಲೂ ಬೇಸರವಿರಲಿಲ್ಲ. ಈಗಿನ ಈ ಮರ್ಯಾದೆಯೇ ಕಷ್ಟ.

ಮೊನ್ನೆ ಒಬ್ಬ ಮುದುಕಿ ಕೋಲೂರಿಕೊಂಡು ಮಾರುಕಟ್ಟೆಯೊಳಗೆ ಬಂದಳು. ಒಂದೊಂದು ಕಟ್ಟೆಯ ಮುಂದೂ ನಿಂತು ಮುಖ ನೋಡುತ್ತ, ಕಾಶವ್ವನ ಮುಂದೆ ಬಂದು ಕುಸಿದು ಕೂತಳು. ಶಹರದ ಪೇಟೆಯಲ್ಲಿ ಕಾಶವ್ವನ ಪಕ್ಕಕ್ಕೇ ಹೂವು ಮಾರುತ್ತಿದ್ದ ಮೌಲಾಬಿ ಅವಳು ಎಂದು ಅವರ ಮಾತಿನಿಂದ ನನಗೆ ತಿಳಿಯಿತು. ಬಸ್ಸಿನಲ್ಲಿ ಬಂದಿದ್ದಳು. ಕಾಶವ್ವ ಎದ್ದು ಅವಳನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ನೀರು ಕೊಟ್ಟು, ಚಹಾ ತರಿಸಿದಳು. ಯಾರು ಸತ್ತರು, ಯಾರ ಮದುವೆಯಾಯಿತು ಎಂದು ಬಹಳ ಹೊತ್ತು ಮಾತಾಡಿದರು. ಮೌಲಾಬಿ ಹೊರಡುವ ಮೊದಲು ಕಾಶವ್ವನ ಕೈ ಹಿಡಿದುಕೊಂಡಳು.

"ನಿನ್ನ ಜಾಗಾದಾಗ ಯಾರನ್ನೂ ಕುಂಡ್ರಗೊಟ್ಟಿಲ್ಲ ನೋಡವ್ವಾ," ಎಂದಳು. "ದಿನಾ ನೀರ ಹೊಡದು ಒಂದು ಗೋಣಿಚೀಲ ಹಾಸಿ ಇಡ್ತೀನಿ. ಕೇಳಿದವ್ರಿಗೆ, ಗಾಡಿ ಚಾಲೂ ಆದಕೂಡ್ಲೆ ಬರ್ತಾಳ ಅಂತ ಹೇಳ್ತೀನಿ."

ಕಾಶವ್ವ ಮುಂದಿದ್ದ ಸಬ್ಬಸಿಗೆಯ ಒಂದು ಸಿವುಡನ್ನು ಕೈಗೆತ್ತಿಕೊಂಡಳು. ಅದರ ಹಳದಿ ಎಲೆಗಳನ್ನು ಕಿತ್ತು, ನೀರು ಕೊಡವಿ, ಮೌಲಾಬಿಯ ಚೀಲಕ್ಕೆ ಹಾಕಿದಳು.

"ಆ ಚೀಲ ಎತ್ತಿಬಿಡು ಮೌಲಾಬಿ," ಎಂದಳು. "ಯಾರರ ಬಂದ್ರ ಕುಂಡ್ರಿಸು."

ನನ್ನ ಆಯುಷ್ಯದಲ್ಲಿ ಗಾಡಿ ಬರುತ್ತದೆ ಎಂದು ಎಷ್ಟೋ ಸಲ ಊರಿಗೆಲ್ಲ ಸಾರಿದ್ದೇನೆ. ಇನ್ನು ಬರುವುದಿಲ್ಲ ಎಂದು ಸಾರಿದವಳು ಕಾಶವ್ವ. ಅದನ್ನು ಅವಳು ಪಕ್ಕದ ಕಟ್ಟೆಯವರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.