ಹಕ್ಕಿಗೆ ಎಣಿಕಿ ಬರೂದಿಲ್ಲ

"ಹಕ್ಕಿಗೆ ಎಣಿಕಿ ಬರೂದಿಲ್ಲ, ಕಾಶಿ," ಅಂತ ನಮ್ಮವರು ಮೊದಲ ಸಲ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ.

"ಸಾಲಿಗೆ ಕಳಸೂದಿತ್ತೇನ್ರಿ ಅದನ್ನ?"

"ನಗಬ್ಯಾಡ, ಕೇಳು. ನಾವಿಬ್ಬರೂ ಕೂಡಿ ಡೇರೆದೊಳಗ ಹೋಗೂದು. ಸ್ವಲ್ಪ ಹೊತ್ತಿನ ಮ್ಯಾಲೆ ನೀ ಒಬ್ಬಾಕಿನ ಹೊರಗ ಬಂದು, ಅದಕ್ಕ ಕಾಣೂ ಹಂಗ ದೂರ ಹೋಗೂದು. ಮಂದಿ ಹೋದ್ರು ಅಂತ ತಿಳಕೊಂಡು ಹಕ್ಕಿ ಗೂಡಿಗೆ ಬರತೈತಿ. ಒಳಗ ನಾ ಇರ್ತೀನಿ, ಕ್ಯಾಮರಾ ಹಿಡಕೊಂಡು."

ಡೇರೆ ಅಂದರೆ ದೊಡ್ಡದೇನಲ್ಲ. ನಾಲ್ಕು ಬಿದಿರಿನ ಕೋಲು, ಸುತ್ತ ಗೋಣಿತಟ್ಟು, ಮುಂದೊಂದು ಕಿಂಡಿ. ಒಬ್ಬರು ಮೊಣಕಾಲು ಮಡಚಿ ಕೂತರೆ ತುಂಬಿತು. ಮುಂಬೈಯ ಭಾಂಡುಪ್ ಸ್ಟೇಷನ್ನಿನಿಂದ ಮೂಡಣಕ್ಕೆ ನಡೆದರೆ ಸಮುದ್ರದ ಖಾಡಿಯವರೆಗೂ ಉಪ್ಪಿನ ಗದ್ದೆಗಳು. ಅದರ ಒಂದು ಒಡ್ಡಿನ ಮೇಲೆ ಅವರು ಅದನ್ನು ಹೂಡಿದ್ದರು. ನಮ್ಮ ಧಾರವಾಡ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆ ಅದು. ನಾವು ಮಾತ್ರ ಮುಲುಂಡಿನ ಚಾಳಿನಲ್ಲೇ ಉಳಿದಿದ್ದೆವು. ಅವರು ಒಂದು ಔಷಧದ ಕಂಪನಿಯಲ್ಲಿ ಕಾರಕೂನರು, ಹೆಸರು ನೀಲಕಂಠಪ್ಪ. ಮಾತು ಕಡಿಮೆ. ಅವರ ಪಾಲಿನದನ್ನೂ ನಾನೇ ಆಡಿ ಮುಗಿಸುತ್ತಿದ್ದೆ.

ಚೋರ್ ಬಜಾರಿನಿಂದ ತಂದ ಹಳೆಯ ಮಡಚುವ ಕ್ಯಾಮರಾ ಅದು. ಅದನ್ನು ಎತ್ತಿಕೊಂಡು ಅವರು ಮೊದಲು ಓಡಿದ್ದು ಹಕ್ಕಿಯ ಹಿಂದಲ್ಲ, ಮೋಟಾರಿನ ಹಿಂದೆ. ಜುಹೂವಿನಲ್ಲಿ ವಿಮಾನ ಇಳಿಯುವ ಬಯಲಿನಲ್ಲಿ ಕಾರಿನ ಓಟ ನಡೆಯುತ್ತಿತ್ತು. ಹುಲ್ಲಿನ ಪೆಂಡಿಗಳನ್ನು ಒಟ್ಟಿ ದಾರಿ ಮಾಡುತ್ತಿದ್ದರು, ಗದ್ದಲವೋ ಗದ್ದಲ. ಇವರು ಗುಂಡಿ ಒತ್ತುವಷ್ಟರಲ್ಲಿ ಕಾರು ಅಂಧೇರಿ ಮುಟ್ಟಿರುತ್ತಿತ್ತು. ತೊಳೆದು ಬಂದ ಫೋಟೋ ನೋಡಿದರೆ ಖಾಲಿ ರಸ್ತೆ, ಒಂದಿಷ್ಟು ಧೂಳು, ಹುಲ್ಲಿನ ಪೆಂಡಿ. "ಎತ್ತಿಗೆ ಮೇವು ಚಲೋ ಬಂದೈತ್ರಿ," ಅಂದಿದ್ದೆ ನಾನು. ಆಮೇಲೆ ಅವರು ಓಡುವುದನ್ನು ಬಿಟ್ಟು ಕೂಡುವುದನ್ನು ಹುಡುಕಿದರು. ಗೂಡಿನಲ್ಲಿ ಕೂತ ಹಕ್ಕಿ.

ನನಗೂ ಅದು ಹಿಡಿಸಿತ್ತು ಅನ್ನಿ. ಅವರನ್ನು ಗೋಣಿಯೊಳಗೆ ಕೂಡಿಸಿ ಹೊರಗೆ ಬಂದರೆ ಆಮೇಲಿನ ಹೊತ್ತೆಲ್ಲ ನನ್ನದು. ಉಪ್ಪು ಹೊರುವ ಹೆಂಗಸರ ಕೂಡ ಹರಕು ಮುರಕು ಮರಾಠಿಯಲ್ಲಿ ಹರಟೆ. ಆ ಹೆಂಗಸರು ಹಕ್ಕಿಗೆ ಟಿಟವಿ ಅನ್ನುತ್ತಿದ್ದರು, ನಾವು ಟಿಟ್ಟಿಭ ಅನ್ನುತ್ತೇವೆ, ಹೆಸರೇ ಅದರ ಕೂಗು. ಡೇರೆಯ ಹಿಂದಿನ ಕೋಲಿಗೆ ಬಿಳಿ ಕರವಸ್ತ್ರ ಕಂಡಿತೆಂದರೆ ಕೆಲಸ ಮುಗಿಯಿತು, ಬಂದು ಕರಕೊಂಡು ಹೋಗು ಅಂತ ಅರ್ಥ. ಒಳಗಿದ್ದವರು ತಾವೇ ಎದ್ದು ಬರುವ ಹಾಗಿಲ್ಲ. ಖಾಲಿ ಅಂದುಕೊಂಡ ಡೇರೆಯಿಂದ ಮನುಷ್ಯ ಎದ್ದರೆ ಹಕ್ಕಿಯ ನಂಬಿಕೆ ಹೋಯಿತು, ಅದು ತತ್ತಿ ಬಿಟ್ಟು ಹೋಗಿಬಿಡುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಹಾಗಂತ ನಮ್ಮವರು ಹೇಳುತ್ತಿದ್ದರು.

ರಾಚವ್ವ ಹುಟ್ಟಿದ ಮೇಲೆ ನಾನು ಹೋಗುವುದು ತಪ್ಪಿತು. ಅತ್ತೆಯ ಹೆಸರೇ ಇಟ್ಟಿದ್ದೆವು ಕೂಸಿಗೆ, ಹಟವೂ ಅವರದೇ ಬಂದಿತ್ತು. ಬಾಟಲಿ ಇಟ್ಟರೆ ಉಗುಳುವುದು, ಚಮಚ ಇಟ್ಟರೆ ಉಗುಳುವುದು, ಮೊಲೆ ಒಂದೇ.

ಕೂಸು ಹುಟ್ಟಿದ ಮೇಲಿನ ಮೇ ತಿಂಗಳು ಟಿಟ್ಟಿಭದ ಜೋಡಿಯೊಂದು ಒಡ್ಡಿನ ಹರಳುಗಲ್ಲಿನ ನಡುವೆ ತತ್ತಿ ಇಟ್ಟಿತ್ತು. ಪ್ರತಿ ಭಾನುವಾರ ಡೇರೆಯನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ಸರಿಸಿ, ಹಕ್ಕಿಗೆ ರೂಢಿ ಮಾಡಿಸಿ, ಕೊನೆಗೆ ಕೈ ಚಾಚಿದರೆ ಇನ್ನೊಂದು ಕೈಯಷ್ಟೇ ಉಳಿಯುವ ದೂರಕ್ಕೆ ತಂದಿದ್ದರು. ತತ್ತಿ ಒಡೆದು ಮರಿ ಬರುವ ಹೊತ್ತಾಯಿತು. ಟಿಟ್ಟಿಭದ ಮರಿಗಳು ಹೊರಬಂದ ದಿನವೇ ಎದ್ದು ಓಡುತ್ತವೆ. ಮುಂದಿನ ಭಾನುವಾರ ಅಲ್ಲಿ ಬರೀ ಚಿಪ್ಪು. ಸರಿಯಾಗಿ ಅದೇ ಭಾನುವಾರ ನಮ್ಮವರಿಗೆ ಕಣ್ಣು ಬಂದವು. ಮೆಣಸಿನಕಾಯಿ ತಿಕ್ಕಿದ ಹಾಗೆ ಕೆಂಪು, ಎರಡೂ ಪಿಚ್ಚು ತುಂಬಿ ಮೆತ್ತಿಕೊಂಡಿದ್ದವು. ಕೂಸಿಗೆ ಅಂಟೀತು ಅಂತ ನಾನು ಅವರನ್ನು ಹೊಸ್ತಿಲ ಆಚೆಗೇ ಮಲಗಿಸಿದ್ದೆ.

ಹೊಸ್ತಿಲ ಆಚೆಯಿಂದಲೇ ಅಂದರು: "ಕಾಶಿ, ಇವತ್ತ ನೀ ಒಳಗ ಕೂಡತೀಯೇನ?"

ಅವರು ಬಾಯಿ ಬಿಟ್ಟು ಏನನ್ನಾದರೂ ಬೇಡಿದ್ದು ಕಡಿಮೆ. ನಾನು ಪಕ್ಕದ ಖೋಲಿಯ ಶೀಲಾವತಿಯ ಮುಖ ನೋಡಿದೆ. ಅವಳು ಉಡುಪಿ ಕಡೆಯವಳು, ಗಂಡ ಹೋಟೆಲಿನ ಗಲ್ಲೆಯಲ್ಲಿ ಕೂಡುತ್ತಿದ್ದ.

"ನಿಮಗೆ ಇಬ್ಬರಿಗೂ ಮರ್ಲು ಮಾರಾಯ್ತಿ," ಅಂದಳು ಅವಳು ಕೂಸನ್ನು ಎತ್ತಿಕೊಂಡು. "ಫೋಟೋ ತೆಗಿಲಿಕ್ಕೇ ಬೇಕಾದ್ರೆ ಒಂದು ಕೋಳಿದು ತೆಗಿರಿ. ಆಮೇಲೆ ಸಾರಾದ್ರೂ ಮಾಡ್ಬಹುದು."

"ಲಿಂಗಾಯತರ ಮನಿ ಬಾಗಲದಾಗ ನಿಂತು ಎಂಥಾ ಮಾತ!"

"ಹೋಗಿ ಬನ್ನಿ ಕಾಶಕ್ಕ. ಹಾಲು ಕುಡಿಸಿ ಹೋಗಿ. ಆದರೆ ಮತ್ತೆ ಹಸಿವಾಗುದರೊಳಗೆ ನೀವು ಇಲ್ಲಿರ್ಬೇಕು. ಈ ರಾಣಿ ನನ್ನ ಕೈಯಲ್ಲಿ ಏನೂ ಕುಡಿಯುದಿಲ್ಲ, ಗೊತ್ತುಂಟಲ್ಲ?"

"ಹೋದ್ಯಾ ಪುಟ್ಟಿ, ಬಂದ್ಯಾ ಪುಟ್ಟಿ," ಅಂದೆ.

ಕೂಡುವುದು ಅಂದರೆ ಏನು ಅಂತ ನನಗೆ ಆ ಗೋಣಿಯೊಳಗೆ ಹೊಕ್ಕ ಮೇಲೆ ತಿಳಿಯಿತು. ನಮ್ಮವರು ಕ್ಯಾಮರಾವನ್ನು ಕಿಂಡಿಗೆ ಹೊಂದಿಸಿ, ಅಂದಾಜಿನ ಮೇಲೆ ದೂರ ಸರಿಮಾಡಿ, ಕಿವಿಯಲ್ಲಿ ಪಿಸುಗುಟ್ಟಿದರು: "ಮಾತಾಡಬ್ಯಾಡ. ಅಲ್ಲಾಡಬ್ಯಾಡ. ಅದು ತತ್ತಿ ಮ್ಯಾಲೆ ಎದ್ದು ನಿಂತಾಗ ಒತ್ತು. ಮುಗದ ಕೂಡಲೇ ಹಿಂದ ಕರವಸ್ತ್ರ." ಆಮೇಲೆ ಕೊಡೆ ಬಿಚ್ಚಿಕೊಂಡು ಕುರುಡರ ಹಾಗೆ ಒಡ್ಡು ತಡವುತ್ತ ಹೋದರು. ಯಾವಾಗಲೂ ಹೋಗುವವಳು ನಾನು. ಅವರ ಬೆನ್ನು ಸಣ್ಣದಾಗುವುದನ್ನು ಗೋಣಿಯ ತೂತಿನಿಂದ ನೋಡಿದಾಗ, ನಾನು ಹೋಗುವಾಗ ಅವರಿಗೂ ಹೀಗೇ ಅನಿಸುತ್ತಿತ್ತೇ ಅಂತ ಒಂದು ಘಳಿಗೆ ಪಾಪ ಅನಿಸಿತು. ಒಂದೇ ಘಳಿಗೆ.

ಹಕ್ಕಿ ಬಂತು. ನಿಜವಾಗಿಯೂ ಎಣಿಕೆ ಬರುವುದಿಲ್ಲ ಅದಕ್ಕೆ! ನೀಳ ಹಳದಿ ಕಾಲು, ಕಣ್ಣಿನ ಮುಂದೆ ಕುಂಕುಮ ಮೆತ್ತಿದ ಹಾಗೆ ಕೆಂಪು ತೊಗಲು, ಎದೆ ಕಪ್ಪು, ಹೊಟ್ಟೆ ಬಿಳುಪು. ಅತ್ತ ನೋಡಿತು, ಇತ್ತ ನೋಡಿತು, ಹೊಸ ಸೊಸೆ ಹೊಸ್ತಿಲು ದಾಟುವ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ತತ್ತಿಯ ಮೇಲೆ ಕೂತಿತು. ಎದ್ದಾಗ ಒತ್ತಿದೆ. ಕಟಕ್ ಅಂದ ಸಪ್ಪಳಕ್ಕೆ ಕತ್ತು ಎತ್ತಿತು, ಹೋಗಲಿಲ್ಲ. ಇನ್ನೊಂದು ಒತ್ತಿದೆ. ರೀಲಿನಲ್ಲಿ ಒಂದು ಉಳಿಸಿಟ್ಟೆ. ಪೂರಾ ಖಾಲಿ ಮಾಡಿದರೆ ಅವರಿಗೆ ಸಮಾಧಾನ ಇರುವುದಿಲ್ಲ, ಏನಾದರೂ ಬಾಕಿ ಇರಬೇಕು.

ಸಾಕು ಅಂತ ಸೊಂಟಕ್ಕೆ ಕೈ ಹಾಕಿದರೆ ಕರವಸ್ತ್ರ ಇಲ್ಲ, ಸಿಕ್ಕಿದ್ದು ರಾಚಿಯ ಲಂಗೋಟಿ. ಒಗೆದದ್ದು, ಬಿಳಿಯದು, ಕರವಸ್ತ್ರಕ್ಕಿಂತ ದೊಡ್ಡದು. ಇನ್ನೂ ಚಲೋ ಆಯಿತು ಅಂತ ಹಿಂದಿನ ಕೋಲಿಗೆ ಸಿಗಿಸಿ ತೂತಿಗೆ ಕಣ್ಣು ಇಟ್ಟೆ.

ದೂರದ ಒಡ್ಡಿನ ಮೇಲೆ ಕೊಡೆ ಕೂತಿತ್ತು. ಕರೀ ಕೊಡೆ, ಅದರ ಕೆಳಗೆ ಎರಡು ಮೊಣಕಾಲು. ಮುಖ ಇತ್ತಲೇ ಇತ್ತು. ಕೊಡೆ ಅಲ್ಲಾಡಲಿಲ್ಲ.

ಎದ್ದಾರು, ಈಗ ಎದ್ದಾರು ಅಂತ ನೋಡಿದೆ. ಬಿಸಿಲು ಏರಿತು. ಗೋಣಿಯ ಹಳೆಯ ಉಪ್ಪಿನ ವಾಸನೆ, ಕುತ್ತಿಗೆಯ ಬೆವರು, ಮರಗಟ್ಟಿದ ಕಾಲು. ಮಗ್ಗುಲು ಬದಲಿಸುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಕೆಮ್ಮಾದರೂ ತಡೆದೇನು, ಮಾತು? ಹುಟ್ಟಿದಾಗಿನಿಂದ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದೇ ಇಲ್ಲ. ಒಳಗೊಳಗೇ ಗಂಡನನ್ನು ಬೈದೆ, ಹಲ್ಲು ಕಚ್ಚಿ ಬೈದೆ. ಲಂಗೋಟಿ ಅಷ್ಟು ದೊಡ್ಡದು ಹಾರಾಡುತ್ತಿದೆ, ಕಾಣುವುದಿಲ್ಲವೇ ಇವರಿಗೆ?

ಆಗ ಹೊಳೆಯಿತು. ಕಾಣುವುದಿಲ್ಲ. ಅವರ ಕಡೆಯಿಂದ ನೋಡಿದರೆ ನನ್ನ ಹಿಂದೆ ಏನಿತ್ತು? ಉಪ್ಪು. ಗುಡ್ಡೆ ಗುಡ್ಡೆ ಉಪ್ಪು, ಸೂರ್ಯನಿಗೆ ಸರಿಯಾಗಿ ಮಿಂಚುತ್ತ. ಕಣ್ಣು ಚೆನ್ನಾಗಿದ್ದ ನನಗೆ ಬಿಳಿ ಕರವಸ್ತ್ರ ಹೇಗೋ ಕಾಣುತ್ತಿತ್ತು. ಕಣ್ಣು ಬಂದ ಮನುಷ್ಯನಿಗೆ ಉಪ್ಪಿನ ಮುಂದೆ ಬಿಳಿ ಬಟ್ಟೆ ಎಲ್ಲಿಯದು? ಕಣ್ಣೀರು ಒರೆಸಿಕೊಳ್ಳುತ್ತ, ಹೆಂಡತಿ ಇನ್ನೂ ಒಳ್ಳೆಯ ಫೋಟೋಕ್ಕೆ ಕಾಯುತ್ತಿದ್ದಾಳೆ ಅಂತ ಅಭಿಮಾನದಿಂದ ಕೂತಿದ್ದರು ಅವರು. ಸಂಜೆಯವರೆಗೂ ಕೂಡುವ ಮನುಷ್ಯ.

ಎದೆ ಕಲ್ಲಾಗತೊಡಗಿತ್ತು. ಹಾಲು ಕಟ್ಟಿದ ನೋವು ತಾಯಂದಿರಿಗೆ ಬೇರೆ ಹೇಳಬೇಕಿಲ್ಲ. ಅದು ಕೂಸಿನ ಗಡಿಯಾರ. ಇಲ್ಲಿ ಬಿಗಿದರೆ ಅಲ್ಲಿ ಮುಲುಂಡಿನಲ್ಲಿ ಹಸಿವಾಗಿದೆ. ರಾಚಿ ಅಳಲು ಶುರು ಮಾಡಿರುತ್ತಾಳೆ, ಶೀಲಾವತಿ ಹೆಗಲ ಮೇಲೆ ಹಾಕಿಕೊಂಡು ಚಾಳಿನ ಉದ್ದಕ್ಕೂ ತಿರುಗುತ್ತಿರುತ್ತಾಳೆ, ಚಮಚ ಇಟ್ಟರೆ ಉಗುಳುತ್ತಾಳೆ. ಏಳಲೇ? ಎದ್ದರೆ ಹಕ್ಕಿ ಹೋಗುತ್ತದೆ. ಆ ಬಿಸಿಲಿನಲ್ಲಿ ತತ್ತಿ ಬೇಯುವುದಕ್ಕೆ ಎಷ್ಟು ಹೊತ್ತು ಬೇಕು?

ಅದೇ ಹೊತ್ತಿಗೆ ಹಕ್ಕಿ ತಾನೇ ಎದ್ದು ಹೋಯಿತು. ನಾನು ಉಸಿರು ಬಿಟ್ಟು, ಇದೇ ಸರಿ, ಈಗ ಎದ್ದರಾಯಿತು ಅಂತ ಸೀರೆ ಎತ್ತಿಕೊಳ್ಳುವಷ್ಟರಲ್ಲಿ ಸಣ್ಣ ದನಿಯೊಂದು ಕೇಳಿಸಿತು. ಚೀಂವ್, ಚೀಂವ್. ಸುತ್ತ ನೋಡಿದೆ, ಯಾರೂ ಇಲ್ಲ. ತತ್ತಿಯೊಳಗಿನಿಂದ ಬರುತ್ತಿತ್ತು. ಇನ್ನೂ ಚಿಪ್ಪು ಒಡೆಯದ ಮರಿ ಒಳಗೆ ಕೂತು ಕೂಗುತ್ತಿತ್ತು. ಅದಕ್ಕೂ ಅಲ್ಲಾಡಲು ಜಾಗವಿಲ್ಲ ಪಾಪ.

ಆ ದನಿ ಕೇಳಿದ್ದೇ ತಡ, ನನ್ನ ಎದೆ ಕಟ್ಟೆ ಒಡೆಯಿತು. ತಡೆಯಲು ಕೈ ಒತ್ತಿದರೂ ನಿಲ್ಲಲಿಲ್ಲ. ಕುಪ್ಪಸ ತೊಯ್ದು, ಸೆರಗು ತೊಯ್ದು, ಹಾಲು ಹೊಟ್ಟೆಯ ಮೇಲೆ ಇಳಿಯಿತು. ಯಾರ ಕೂಸು ಅಂತ ಅದಕ್ಕೇನು ಗೊತ್ತು? ಅದಕ್ಕೂ ಎಣಿಕೆ ಬರುವುದಿಲ್ಲ.

ಹಕ್ಕಿ ದೂರ ಹೋಗಿರಲಿಲ್ಲ. ಕಾಲುವೆಯ ನೀರಿನಲ್ಲಿ ಹೊಟ್ಟೆ ಅದ್ದಿ, ಮತ್ತೆ ಅದ್ದಿ, ದುಡುದುಡು ನಡೆದು ಬಂತು. ಬಿಳಿ ಹೊಟ್ಟೆಯಿಂದ ನೀರು ಹನಿಯುತ್ತಿತ್ತು. ತತ್ತಿಯ ಮೇಲೆ ನಿಂತು, ಪುಕ್ಕ ಬಿಚ್ಚಿ, ಆ ನೀರನ್ನು ಅವುಗಳ ಮೇಲೆ ಇಳಿಸಿತು. ತಂಪು ಮಾಡುತ್ತಿತ್ತು. ನಾನು ಒಳಗೆ ತೊಯ್ದು ಕೂತಿದ್ದೆ, ಅದು ಹೊರಗೆ ತೊಯ್ದು ನಿಂತಿತ್ತು. ಉಳಿಸಿಟ್ಟ ಆ ಒಂದನ್ನು ಒತ್ತಿದೆ. ಆ ಫೋಟೋ ಈಗಲೂ ನಮ್ಮ ಗೋಡೆಯ ಮೇಲಿದೆ. ಹನಿ ಹನಿ ಕಾಣುತ್ತದೆ. ನೋಡಿದವರು, ಹಕ್ಕಿಗೂ ಬೆವರು ಬರತೈತೇನ್ರಿ ಅಂತ ಕೇಳುತ್ತಾರೆ.

ಒತ್ತಿದ ಮೇಲೆ ಹಕ್ಕಿಯ ಕಡೆಗೇ ನೋಡಿ ಮನಸ್ಸಿನಲ್ಲಿ ಅಂದೆ: ನಿನ್ನವು ನಿನ್ನ ಹೊಟ್ಟಿ ಕೆಳಗ ಅದಾವವ್ವ. ನಂದು ಮುಲುಂಡದಾಗ ಐತಿ. ತಪ್ಪು ತಿಳಕೋಬ್ಯಾಡ.

ಎದ್ದು ನಿಂತೆ. ಗೋಣಿತಟ್ಟು ನನ್ನ ತಲೆಯ ಮೇಲೇ ಎದ್ದಿತು, ಒಂದು ಕೋಲು ಮುರಿಯಿತು. ಬೆಳಗಿನಿಂದ ನುಂಗಿಕೊಂಡ ದನಿಯಷ್ಟನ್ನೂ ಕೂಡಿಸಿ ಕೂಗಿದೆ.

"ಏನ್ರೀ! ಏ ಇವರ! ಕೂಸು ಹಸದೈತಿ! ಬರ್ರೀ!"

ಟಿಟ್ಟಿಭ ನನಗಿಂತ ಜೋರಾಗಿ ಕಿರುಚಿ ಮೇಲೆದ್ದಿತು. ಅದರ ಜೋಡಿಯೂ ಎಲ್ಲಿಂದಲೋ ಬಂದು ನನ್ನ ತಲೆಯ ಮೇಲೆ ಹಾಯತೊಡಗಿತು. ಅತ್ತ ಕೊಡೆ ಉರುಳಿತು. ನಮ್ಮವರು ಎದ್ದು, ದನಿ ಬಂದ ಕಡೆ ಅಂತ ನೆಟ್ಟಗೆ ಉಪ್ಪಿನ ಗದ್ದೆಗೇ ಇಳಿದು ಮೊಣಕಾಲಿನವರೆಗೆ ರಾಡಿಯಲ್ಲಿ ಹೂತರು. ದೂರದಲ್ಲಿ ಬುಟ್ಟಿ ಹೊತ್ತ ಉಪ್ಪಿನ ಹೆಂಗಸೊಬ್ಬಳು ನಿಂತು, "ಕಾಯ್ ಝಾಲಂ ಗ, ಬಾಯಿ?" ಅಂತ ಕೂಗಿದಳು. ಏನಾಯ್ತು ಅಂತ ಹೇಳುತ್ತ ನಿಲ್ಲಲು ನನಗೆ ಪುರಸೊತ್ತಿರಲಿಲ್ಲ. ಕ್ಯಾಮರಾ ಕಿತ್ತುಕೊಂಡು ಒಡ್ಡಿನ ಮೇಲೆ ಓಡಿದೆ.

ಅವರು ರಾಡಿಯಿಂದ ಮೇಲೆ ಬಂದು ಎದುರಾದರು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ರೋಗದ್ದೋ ಮತ್ತೆ ಯಾತರದ್ದೋ.

"ಹೋತು," ಅಂದರು. "ಹಾರಿ ಹೋತಲ್ಲ ಕಾಶಿ. ಕರವಸ್ತ್ರ ಹಾಕೂದಲ್ಲೇನ?"

"ಹಾಕಿದ್ದೆ. ಉಪ್ಪು ನೋಡ್ಕೋತ ಕುಂತಿದ್ರಿ ನೀವು."

ಅವರು ತಿರುಗಿ ನೋಡಿದರು. ಬಿಳಿ, ಬಿಳಿ, ಬಿಳಿ.

ನಾನೂ ಆಗಲೇ ತಿರುಗಿ ನೋಡಿದ್ದು. ಮುರಿದ ಡೇರೆಯ ಮುಂದೆ, ಹರಳುಗಲ್ಲಿನ ನಡುವೆ, ಹಕ್ಕಿ ಕೂತಿತ್ತು. ನಾವಿನ್ನೂ ಆ ಒಡ್ಡು ಬಿಟ್ಟಿರಲಿಲ್ಲ, ಅದಾಗಲೇ ಬಂದು ಕೂತುಬಿಟ್ಟಿತ್ತು. ನನಗೆ ಮೈಯೆಲ್ಲ ಉರಿಯಿತು. ಇಷ್ಟೇ ಏನು? ಇಷ್ಟಕ್ಕೇ ಏನು ನಾನು ಬೆಳಗಿನಿಂದ ಬೆಂದದ್ದು?

"ತಿರುಗಿ ಬಂದೈತ್ರಿ. ಕುಂತೈತಿ."

"ಎಲ್ಲೆ? ನನಗ ಏನೂ ಕಾಣವಲ್ದು."

"ನಾ ಹೇಳಾಕತ್ತೀನಲ್ಲ, ಕುಂತೈತಿ. ಅದು ಎಲ್ಲಿ ಹೋಗತೈತ್ರಿ ಮಕ್ಕಳನ್ನ ಬಿಟ್ಟು? ನಡೀರಿ."

ಲೋಕಲ್ ಗಾಡಿಯಲ್ಲಿ ಅವರಿಗೆ ಹಾಲಿನ ವಾಸನೆ ಹತ್ತಿತೋ ಏನೋ, ಮಂದಿಯ ಕಣ್ಣಿಗೆ ಮರೆಯಾಗಲಿ ಅಂತ ರಾಡಿ ಮೆತ್ತಿದ ಕೊಡೆಯನ್ನು ಅರ್ಧ ಬಿಚ್ಚಿ ನನ್ನ ಎದೆಗೆ ಅಡ್ಡ ಹಿಡಿದುಕೊಂಡು ನಿಂತರು. ಗಾಡಿಯೊಳಗೆ ಕೊಡೆಯೇ ಅಂತ ಒಬ್ಬ ನಕ್ಕ. ಅವರು ಹಾಗೇ ನಿಂತಿದ್ದರು.

ಚಾಳಿನ ಮೆಟ್ಟಿಲು ಹತ್ತುವಾಗಲೇ ಕೂಸಿನ ದನಿ ಕೇಳಿತು. ಅತ್ತು ಅತ್ತು ಕೀರಲಾಗಿತ್ತು. ಶೀಲಾವತಿಯ ಜಡೆ ಬಿಚ್ಚಿತ್ತು, ಹೆಗಲೆಲ್ಲ ಜೊಲ್ಲು.

"ಸಕ್ಕರೆ ನೀರು ಕೊಟ್ಟೆ, ಉಗುಳಿದಳು. ಬಟ್ಟೆಯ ಬತ್ತಿಯಲ್ಲಿ ಹಾಲು ಇಟ್ಟೆ, ಉಗುಳಿದಳು. ಕೊನೆಗೆ ನನ್ನ ಮೂಗನ್ನೇ ಚೀಪಿದಳು ಮಾರಾಯ್ತಿ! ಎಲ್ಲಿ ಸತ್ತಿದ್ರಿ ನೀವು?"

ಕೂಸನ್ನು ಕಸಿದುಕೊಂಡು ಒಳಗೆ ಹೋಗಿ ಗೋಡೆಗೆ ಒರಗಿ ಕೂತೆ. ಒಂದು ಕ್ಷಣ ರಾಚಿ ಮುಖ ಆಚೆ ತಿರುಗಿಸಿದಳು, ಸಿಟ್ಟು. ಆಮೇಲೆ ಹುಡುಕಿದಳು, ಸಿಕ್ಕಿತು, ಕಚ್ಚಿ ಹಿಡಿದಳು. ಬಿಕ್ಕುತ್ತ ಬಿಕ್ಕುತ್ತ ಗುಟುಕರಿಸತೊಡಗಿದಳು.

ನಮ್ಮವರು ಹೊಸ್ತಿಲ ಆಚೆ ನಿಂತಿದ್ದರು. ಕಣ್ಣು ಬಂದವರು, ಒಳಗೆ ಬರುವ ಹಾಗಿಲ್ಲ. ಕಾಲಿಗೆ ರಾಡಿ, ಕೊರಳಲ್ಲಿ ಕ್ಯಾಮರಾ. ಕತ್ತಲೆಯ ಖೋಲಿಯೊಳಗೆ ಅವರಿಗೆ ಏನೂ ಕಾಣುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

"ಕಾಶಿ," ಅಂದರು ಮೆಲ್ಲಗೆ. "ಕುಡ್ಯಾಕತ್ತಾಳೇನ?"

ನಾನು ಮಾತಾಡಲಿಲ್ಲ. ಮಾತಾಡಿದರೆ ಅವಳು ಮೊಲೆ ಬಿಟ್ಟು ತಿರುಗಿ ನೋಡುತ್ತಾಳೆ.

"ಕಾಶಿ?"

ಅವರು ಅಲ್ಲೇ ನಿಂತಿದ್ದರು.