ಹಿತ್ತಾಳೆ ಬೆಸುಗೆ

“ಇದು ನಮ್ದಲ್ಲ ಕಣ್ಲಾ ಸಿವರಾಮು. ನಮ್ದನ್ನ ಎಲ್ಲಿಗ್ ಸಾಗಾಕ್ದೆ?”

ಮದ್ದೂರಿನ ತನ್ನ ತಗಡಿನ ಶೆಡ್ಡಿನಲ್ಲಿ ಲೇತಿನ ಮುಂದೆ ಬಗ್ಗಿ ಕಬ್ಬಿಣ ಕಡೆಯುತ್ತಿದ್ದ ಶಿವರಾಮು ತಲೆ ಎತ್ತಿ ನೋಡಿದ. ಬೆಸಗರಹಳ್ಳಿಯ ಶಶಿಧರ್ ಬೆಂಚಿನ ಮೇಲಿದ್ದ ಹಳೆಯ ಪುಲ್ಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತೂಗುತ್ತಿದ್ದ. ಲಾರಿಯ ಇಂಜಿನ್ನಿನ ಮುಂದೆ ಕೂತು ಬೆಲ್ಟ್ ತಿರುಗಿಸುವ ಎರಕದ ಚಕ್ರ ಅದು.

“ನಿಮ್ದೇ ಕಣಣ್ಣ. ಡೀಸಲ್ನಲ್ಲಿ ತೊಳ್ದಿವ್ನಿ ಅಷ್ಟೆಯ. ಅಳ್ತೆ ತಗೀಬೇಕಲ್ಲ.”

“ತೊಳುದ್ರೆ ತೂಕನೂ ಕಮ್ಮಿಯಾಯ್ತದಾ?”

“ಕೊಳೆ ಏನ್ ಕಮ್ಮಿ ಇತ್ತಾ? ನಿಮ್ಮಪ್ಪಾರು ವರ್ಸವರ್ಸ ಆಯುಧಪೂಜೇಲಿ ಬಳ್ದಿದ್ದ ಕುಂಕುಮನೇ ಒಂದ್ ಬಟ್ಲು ಬಂತು.” ಶಿವರಾಮು ನಕ್ಕ. ಶಶಿಧರ್ ನಗಲಿಲ್ಲ.

ಶಶಿಧರನ ಅಪ್ಪ ಹೊನ್ನಯ್ಯನವರು ಒಂದು ಕಾಲಕ್ಕೆ ಊರೂರಿನ ಆಲೆಮನೆಗಳಿಂದ ಮಂಡ್ಯಕ್ಕೆ ಬೆಲ್ಲ ಹೊಡೆದ ಲಾರಿ ಅದು. ಮಗ ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿಸುತ್ತಿದ್ದ. ಬಾಡಿ ಆಯಿತು, ಬಣ್ಣ ಆಯಿತು, ಪುಲ್ಲಿಯ ಹತ್ತಿರ ಬಂದು ಕೆಲಸ ನಿಂತಿತು. ಕಚ್ಚು ಸವೆದು ಬೆಲ್ಟ್ ಜಾರುತ್ತಿತ್ತು. ಆ ಮಾಡಲ್ಲಿನ ಪುಲ್ಲಿ ಅಂಗಡಿಯಲ್ಲೂ ಇಲ್ಲ, ಗುಜರಿಯಲ್ಲೂ ಇಲ್ಲ. ಒಂದೇ ಒಂದಕ್ಕೆ ಅಚ್ಚು ಮಾಡಿ ಎರಕ ಹೊಯ್ಯಿಸುವ ಉಸಾಬರಿ ಯಾರಿಗೆ ಬೇಕು ಎಂದು ಮಂಡ್ಯದ ಲೇತಿನವರೆಲ್ಲ ಸಾಗಹಾಕಿದರು. ಒಪ್ಪಿದವನು ಶಿವರಾಮು ಒಬ್ಬನೇ. ಅವನಪ್ಪ ಅಂಕಯ್ಯ ಅದೇ ಲಾರಿಗೆ ಬೆಲ್ಲದ ಮೂಟೆ ಹೊತ್ತು ತುಂಬಿದವನು. ಇತ್ತ ಮನೆಯಲ್ಲಿ ಹೊನ್ನಯ್ಯನವರದು ದಿನಾ ಒಂದೇ ರಾಗ: “ಸ್ಟಾರ್ಟಾಯ್ತೇನ್ಲಾ? ನನ್ ಕಿವಿ ಪೂರ್ತಿ ಮುಚ್ಕೊಳೋದ್ರೊಳ್ಗೆ ಒಂದ್ಸಲ ಆ ಸದ್ದ ಕೇಳುಸ್ಬುಡ್ಲಾ.”

ಎಲ್ಲ ಸರಿಯಾಗಿಯೇ ಇತ್ತು. ಆದರೆ ಗುಜರಿ ಜಯಪ್ರಕಾಶ ಸುಮ್ಮನಿರಬೇಕಲ್ಲ! “ಹಳೇ ಗಾಡಿ ಸಾಮಾನ್ಗೆ ಮೈಸೂರ್ನೋರು ಬಾಯ್ ಬುಡ್ತಾ ಕೂತವ್ರೆ. ನೀನ್ ನೋಡುದ್ರೆ ಅಂತವನ್ ಕೈಗ್ ಕೊಟ್ಬುಟ್ಟು ಮನೇಲ್ ಕೂತಿದ್ದೀಯಲ್ಲ,” ಎಂದು ಟೀ ಅಂಗಡಿಯಲ್ಲಿ ತಲೆಗೆ ಹುಳ ಬಿಟ್ಟ. ಅಂಥವನು ಎಂದರೆ ಎಂಥವನು ಎಂದು ಶಶಿಧರ್ ಕೇಳಲಿಲ್ಲ. ಕೇಳುವುದೇನು, ಇಬ್ಬರಿಗೂ ಗೊತ್ತಿತ್ತು.

“ನಮ್ಮಪ್ಪ ಯೋಳವ್ರೆ,” ಶಶಿಧರ್ ಈಗ ದನಿ ಏರಿಸಿದ. “ಬೆಳಕವಾಡಿ ತಾವ ಪುಲ್ಲಿ ಸೀಳ್ಬುಟ್ಟು, ಮಳವಳ್ಳೀಲಿ ಇತ್ತಾಳೆ ಬೆಸ್ಗೆ ಆಕ್ಸಿದ್ರಂತೆ. ಎಲ್ಲದೆ ಇತ್ತಾಳೆ? ತೋರ್ಸು!”

“ಬಣ್ಣದ್ ಕೆಳ್ಗದೆ ಕಣಣ್ಣ. ಆವತ್ತು ನಮ್ಮಪ್ಪನೂ ಜೊತೇಲಿದ್ದ. ತಡೀರಿ, ಅರ ಆಕಿ ಉಜ್ಜಿ ತೋರುಸ್ತೀನಿ.”

ಶಿವರಾಮು ಅರ ಹುಡುಕಲು ಗೋಡೆಯ ಕಡೆ ತಿರುಗಿದ. ಅಷ್ಟು ಹೊತ್ತು ಕಾಯಲು ಶಶಿಧರನಿಗೆ ಏನು ರೋಗವೋ! ಉಜ್ಜುವ ನೆಪದಲ್ಲಿ ಇವನು ಇನ್ನೇನು ಕಣ್ಕಟ್ಟು ಮಾಡುತ್ತಾನೋ ಅನ್ನಿಸಿತು. ಹಳೆಯ ಎರಕಕ್ಕೆ ಬಡಿದರೆ ಗಂಟೆಯ ಹಾಗೆ ನಾದ ಬರುತ್ತೆ, ಡೂಪ್ಲಿಕೇಟಾದರೆ ದಬ್ ಅನ್ನುತ್ತೆ ಎಂದು ಜಯಪ್ರಕಾಶ ಹೇಳಿಕೊಟ್ಟಿದ್ದ. ಪುಲ್ಲಿಯನ್ನು ಬೆಂಚಿನ ಅಂಚಿಗಿಟ್ಟು, ಅಲ್ಲೇ ಇದ್ದ ಸುತ್ತಿಗೆ ಎತ್ತಿ ಹೊಡೆದ. ದಬ್ ಎಂದಿತು.

“ಕೇಳುಸ್ತಾ?” ಎಂದು ಇನ್ನೊಂದು ಬಲವಾಗಿ ಬಾರಿಸಿದ.

“ಅಣ್ಣಾ, ಬ್ಯಾಡ! ಬೆಸ್ಗೆ ಆಕಿರೋದು ದಬ್ ಅಂತ್ಲೇ ಅನ್ನೋದು!”

ಪುಲ್ಲಿ ಎರಡು ಹೋಳಾಯಿತು. ಒಂದು ಹೋಳು ಉರುಳಿ ಶಿವರಾಮುವಿನ ಕಾಲ ಬಳಿ ಬಿತ್ತು. ಒಡೆದ ಬಾಯಿಯ ಉದ್ದಕ್ಕೂ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತಿತ್ತು.

ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟೆ ಎಂದು ಶಶಿಧರ್ ಸುತ್ತಿಗೆ ಕೆಳಗಿಟ್ಟ. ಬೆಂಚಿನ ಮೇಲಿನ ಹೋಳನ್ನು ಮುಟ್ಟಲೂ ನಾಚಿಕೆಯಾಯಿತು. “ಸಿವರಾಮು, ಅದು... ಆ ಜಯಪ್ರಕಾಸ ಯೋಳ್ದ ಅಂತ...” ಎಂದು ತಡವರಿಸಿದ. “ಒಸಾದು ಎಲ್ಲಿಗ್ ಬಂತಪ್ಪ?”

ಶಿವರಾಮು ಲೇತಿನ ಕಡೆ ಕೈ ಮಾಡಿದ. ಹೊಸ ಪುಲ್ಲಿ ಅಲ್ಲಿ ತಿರುಗುತ್ತಿತ್ತು. ಬೆಲ್ಟ್ ಕೂರುವ ಕಚ್ಚುಗಳು ಮುಗಿದಿದ್ದವು, ನಡುವಿನ ತೂತು ಇನ್ನೂ ಕೊರೆದಿರಲಿಲ್ಲ.

ಅವನು ಬಗ್ಗಿ ಕೆಳಗಿನ ಹೋಳು ಎತ್ತಿಕೊಂಡ. ಬೆಂಚಿನ ಮೇಲಿನದನ್ನೂ ತೆಗೆದು, ಎರಡನ್ನೂ ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಶಶಿಧರನ ಕೈಗಿತ್ತ.

“ತೂಕ ನೋಡ್ಕೊಂಡು ತಕ್ಕೊಂಡೋಗಿ.”

ಆಮೇಲೆ ಹೋಗಿ ಸ್ವಿಚ್ಚು ಆರಿಸಿದ. ಲೇತಿನ ಸದ್ದು ಇಳಿಯುತ್ತ ಬಂತು. ಹೊಸ ಪುಲ್ಲಿ ಒಂದೆರಡು ಸುತ್ತು ತಾನೇ ತಿರುಗಿ, ನಿಧಾನವಾಗಿ ನಿಂತಿತು.